ದೊಡ್ಡದು ಊದಿದ ವರ್ಷ

ಹೋದ ತಿಂಗಳು ನಿಪ್ಪಾಣಿಯಲ್ಲಿ ತಂಗಿಯ ಮಗನ ಮದುವೆ ಇತ್ತು. ಮಂಗಲ ಕಾರ್ಯಾಲಯ ಹೊಸದು, ಗೋಡೆಗೆಲ್ಲ ಗುಲಾಬಿ ಬಣ್ಣ. ಊಟಕ್ಕೆ ಕೂತು ಮೊದಲ ತುತ್ತು ಎತ್ತುವಷ್ಟರಲ್ಲಿ ನನಗೆ ಸೀನು ಬಂತು. ಒಂದಲ್ಲ, ಒಂದರ ಹಿಂದೊಂದು ಏಳೆಂಟು. ಪಕ್ಕದಲ್ಲಿದ್ದ ಸೊಸೆ ನೆಗಡಿಯಾಯಿತೇನು ಎಂದು ಕೇಳಿದಳು. ನೆಗಡಿಯಲ್ಲ. ಎದ್ದು ಹೋಗಿ ಗೋಡೆಯನ್ನು ಮೂಸಿದೆ. ನಾಲ್ಕು ಮಂದಿ ನೋಡಿದರು, ನೋಡಲಿ ಬಿಡು ಎಂದುಕೊಂಡೆ. ಬಣ್ಣದ ಅಡಿಯಲ್ಲಿ ತಂಬಾಕಿನ ಘಾಟು ಇನ್ನೂ ಇತ್ತು. ಅದು ನಮ್ಮ ಹಳೆಯ ವಖಾರ. ಅಪ್ಪ ಚೀಲ ಹೊತ್ತ, ಅವ್ವ ಜರಡಿ ಹಿಡಿದ, ನಾನು ತುಟಿ ಒಡೆದುಕೊಂಡು ಊದುವುದನ್ನು ಕಲಿತ ತಂಬಾಕಿನ ಗೋದಾಮು.

ಎಂಬತ್ತರ ದಶಕ ಮುಗಿಯಲು ಇನ್ನೆರಡು ವರ್ಷ ಇದ್ದಾಗಿನ ಮಾತು. ನನಗೆ ಇಪ್ಪತ್ಮೂರು. ಟಿಸಿಎಚ್ ಮುಗಿಸಿ, ಶಾಲೆಯ ಆರ್ಡರು ಇವತ್ತು ಬಂದೀತು, ನಾಳೆ ಬಂದೀತು ಎಂದು ಕಾಯುತ್ತ, ಅವ್ವನ ಜೊತೆ ವಖಾರದಲ್ಲಿ ಜರಡಿ ಹಿಡಿದು ತಂಬಾಕು ಚಾಳಿಸುತ್ತಿದ್ದೆ. ನಮ್ಮದು ಬೌದ್ಧ ಕೇರಿ. ವಿಹಾರದಲ್ಲಿ ಹಾಡು ಇದ್ದಾಗಲೆಲ್ಲ ಹಾರ್ಮೋನಿಯಂ ನನ್ನದೇ. ಅಪ್ಪ ವಾರವೆಲ್ಲ ಹಮಾಲಿ ಮಾಡುತ್ತಿದ್ದ. ಮದುವೆಯ ಸೀಸನ್ನು ಬಂತೆಂದರೆ ಕೆಂಪು ಕೋಟು ತೊಟ್ಟು ಭೀಮಾ ಮಾಸ್ತರ ಆಗುತ್ತಿದ್ದ. ಹನ್ನೆರಡು ಮಂದಿಯ ಬ್ಯಾಂಡು ಅವನದು.

ಬೇರೆ ಬ್ಯಾಂಡುಗಳಲ್ಲಿ ಮಾಸ್ತರನಾದವನು ಕ್ಲಾರಿನೆಟ್ಟೋ ಕಾರ್ನೆಟ್ಟೋ ಹಿಡಿದು ಎಲ್ಲರ ಮುಂದೆ ಎದೆ ಸೆಟೆಸಿ ನಡೆಯುತ್ತಾನೆ. ಅಪ್ಪ ಹಾಗಲ್ಲ. ಕ್ಲಾರಿನೆಟ್ಟನ್ನು ತಮ್ಮ ಮಾರುತಿಯ ಕೈಗೆ ಕೊಟ್ಟು ತಾನು ಕೊನೆಯ ಸಾಲಿನಲ್ಲಿ ಯುಫೋನಿಯಂ ಹಿಡಿದು ನಿಲ್ಲುತ್ತಿದ್ದ. ಮಡಿಲಲ್ಲಿ ಕೂಸನ್ನು ಅವುಚಿಕೊಂಡ ಹಾಗೆ ಹಿಡಿಯಬೇಕಾದ ದಪ್ಪ ಹಿತ್ತಾಳೆ ವಾದ್ಯ ಅದು, ದನಿ ಗಡಸು, ತಗ್ಗು. ನಮ್ಮವರು ಅದನ್ನು ಬರೀ ‘ದೊಡ್ಡದು’ ಎನ್ನುತ್ತಿದ್ದರು.

ಇದಕ್ಕೆಲ್ಲ ಕಾರಣ ಒಂದು ಹಾಡು. ಅಪ್ಪ ಹರೆಯದಲ್ಲಿ ಮುಂಬೈಗೆ ಓಡಿಹೋಗಿ ಒಂದು ದೊಡ್ಡ ಹೋಟೆಲಿನಲ್ಲಿ ಪಾತ್ರೆ ತೊಳೆದವನು. ಅಲ್ಲಿ ಸಂಜೆ ಊದುತ್ತಿದ್ದ ಗೋವೆಯ ಕಲಾವಿದನೊಬ್ಬ ಇವನ ಹುಚ್ಚು ನೋಡಿ ಬಿಡುವಿನಲ್ಲಿ ಕೂರಿಸಿಕೊಂಡು ಕಲಿಸಿದನಂತೆ. ಅಮೆರಿಕದ ಹಾಡು, ಜಾಜ್ ಎನ್ನುವ ಜಾತಿಯದು. ಅದಕ್ಕೊಂದು ಇಂಗ್ಲಿಷ್ ಹೆಸರೂ ಇತ್ತು. ಅಪ್ಪನ ಬಾಯಿಂದ ಹೊರಬರುವಷ್ಟರಲ್ಲಿ ಅದು ಯಾವುದೋ ಔಷಧಿಯ ಹೆಸರಿನ ಹಾಗೆ ಆಗಿಬಿಡುತ್ತಿತ್ತು. ಬ್ಯಾಂಡಿನವರಿಗೆ ಅದು ‘ಮುಂಬೈದು’. ಆ ಸಂಗೀತವನ್ನು ಕಟ್ಟಿದ ಕರಿಯರನ್ನು ದೊಡ್ಡ ಹೋಟೆಲುಗಳು ಊದಲು ಕರೆಯುತ್ತಿದ್ದವಂತೆ, ಆದರೆ ಮುಂದಿನ ಬಾಗಿಲಿನಿಂದ ಒಳಗೆ ಬಿಡುತ್ತಿರಲಿಲ್ಲವಂತೆ. ಅಪ್ಪ ಇದನ್ನು ಹೇಳುವಾಗ ದನಿ ಏರಿಸುತ್ತಿರಲಿಲ್ಲ. ಮದುವೆ ಮನೆಗಳಲ್ಲಿ ನಮ್ಮ ಊಟ ಎಲ್ಲಿ ಹಾಕುತ್ತಿದ್ದರೆಂಬುದು ನಮಗೆಲ್ಲ ಗೊತ್ತೇ ಇತ್ತು.

ಹಾಡಿನ ಗುಟ್ಟನ್ನು ಅವನು ನನಗೆ ಹಾರ್ಮೋನಿಯಂ ಮೇಲೆ ತೋರಿಸಿದ್ದ. ಬಲಗೈಯಲ್ಲಿ ಪಂಚಮ ಒತ್ತಿ ಹಿಡಿ ಎಂದ. ಹಿಡಿದೆ. ಅವನು ಎಡಗೈಯಲ್ಲಿ ಕೆಳಗೆ ಷಡ್ಜ ಹಿಡಿದ. ಎಲ್ಲ ಸರಿಯಾಗಿತ್ತು, ಹಗಲು ಹೊತ್ತು, ಮನೆ ತುಂಬ ಮಂದಿ ಇದ್ದ ಹಾಗೆ. ಆಮೇಲೆ ಎಡಗೈಯನ್ನು ಕೋಮಲ ಗಾಂಧಾರಕ್ಕೆ ಸರಿಸಿದ. ನನ್ನ ಬೆರಳು ಅಲುಗಿರಲಿಲ್ಲ, ಅದೇ ಪಂಚಮ. ಆದರೂ ಮನೆಯಿಂದ ಯಾರೋ ಹೊರಟುಹೋದರು ಅನ್ನಿಸಿತು. “ನೋಡಿದೆನ?” ಎಂದ ಅಪ್ಪ. “ನಮ್ಮ ಭಜನಿಯಾಗ ಕೆಳಗಿಂದು ಕದಲೂದಿಲ್ಲ, ಮ್ಯಾಲಿನ ಹಾಡು ಅಡ್ಡಾಡತೈತಿ. ಇದರಾಗ ಮ್ಯಾಲಿಂದು ಕುಂತಲ್ಲೇ ಕುಂತಿರತೈತಿ, ಕೆಳಗಿನ ನೆಲಾ ಸರಿಯತೈತಿ. ಅದಕ್ಕ ಇದು ಹಳೇದ ಆಗೂದಿಲ್ಲ ಶಾಂತಾ.”

ಮುಂದೆ ಅದೇ ಹಾಡನ್ನು ಎಷ್ಟೋ ಕಡೆ ಕೇಳಿದೆ, ರೇಡಿಯೊದಲ್ಲಿ, ಈಗೀಗ ತಂಗಿಯ ಮಗಳ ಫೋನಿನಲ್ಲಿ. ಒಬ್ಬ ಓಡಿಸುತ್ತಾನೆ, ಒಬ್ಬಳು ಅಳುವಷ್ಟು ನಿಧಾನ ಮಾಡುತ್ತಾಳೆ, ಇನ್ನೊಬ್ಬ ಪಿಯಾನೋದ ಮೇಲೆ ಗುರುತೇ ಸಿಗದ ಹಾಗೆ ಹರಡುತ್ತಾನೆ. ಕೆಳಗಿನ ನಡೆ ಮಾತ್ರ ಅದೇ. ಎರಡು ಸಲ ಮೊದಲ ನಡೆ, ಆಮೇಲೆ ಬೇರೆ ಕಡೆಗೆ ತಿರುಗುವ ನಡುವಿನ ನಡೆ, ಮತ್ತೆ ಮೊದಲಿನದು. ಹಾಡನ್ನು ಒಮ್ಮೆ ಊದಿದ ಮೇಲೆ ಮುಂದಿನವನು ತನ್ನ ಮನಸ್ಸಿಗೆ ಬಂದದ್ದನ್ನು ಊದಬಹುದು, ಎಷ್ಟು ದೂರ ಬೇಕಾದರೂ ಹೋಗಬಹುದು. ಕೆಳಗಿನವರು ಆ ನಡೆಯನ್ನು ಸುತ್ತುತ್ತಲೇ ಇರಬೇಕು. ಮಾರುತಿ ಕಾಕಾ ಈ ಅಲೆದಾಟದಲ್ಲಿ ಗಟ್ಟಿಗ. ಅವನ ಕ್ಲಾರಿನೆಟ್ ಕೇಳಲು ಚಿಕ್ಕೋಡಿ, ರಾಯಬಾಗದ ಕಡೆಯಿಂದಲೂ ಮಂದಿ ಬಂದು ಮದುವೆಗೆ ನಮ್ಮ ಬ್ಯಾಂಡು ಹಿಡಿಯುತ್ತಿದ್ದರು.

ಆ ವರ್ಷ ದಸರೆ ಮುಗಿದ ವಾರ ಅಪ್ಪನ ಮೇಲಿನ ಹಲ್ಲುಗಳನ್ನೆಲ್ಲ ಕಿತ್ತರು. ತಂಬಾಕು ಹೊತ್ತೂ ಹೊತ್ತು, ತಿಂದೂ ತಿಂದು ಅವನ ವಸಡು ಕೊಳೆತಿತ್ತು. ಕಟ್ಟಿಸಿದ ಹಲ್ಲು ಊದುವಾಗ ನಿಲ್ಲಲಿಲ್ಲ, ಮೂರನೇ ಉಸಿರಿಗೇ ವಾದ್ಯದ ಬಾಯಿಗೆ ಬಡಿದು ಟಕ್ ಎನ್ನುತ್ತಿತ್ತು. ಅಪ್ಪ ಒಂದು ವಾರ ಪ್ರಯತ್ನಿಸಿದ. ಎಂಟನೆಯ ದಿನ ದೊಡ್ಡದನ್ನು ಹುಣಸೆಹಣ್ಣಿನಿಂದ ತಿಕ್ಕಿ, ತೊಳೆದು, ಬಟ್ಟೆ ಸುತ್ತಿ ಮೂಲೆಗೆ ಇಟ್ಟ.

ಕಾಕಾ ಇದನ್ನು ಅಷ್ಟು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. “ದೊಡ್ಡದು ಇಲ್ಲಂದ್ರ ಏನಾಕ್ಕೈತಿ ದಾದಾ? ಅದನ್ನ ಯಾರ ಕೇಳ್ತಾರ? ಮಂದಿ ಕೇಳೂದು ಕ್ಲಾರಿನೆಟ್.”

“ಇದ್ದಾಗ ಯಾರೂ ಕೇಳೂದಿಲ್ಲ, ಖರೆ,” ಎಂದ ಅಪ್ಪ. ಹಲ್ಲಿಲ್ಲದ ಬಾಯಲ್ಲಿ ಮಾತು ಗಾಳಿಯಾಗಿ ಹೋಗುತ್ತಿತ್ತು. “ಇಲ್ಲದಾಗ ಕೇಳ್ತಾರ.”

ತುಳಸಿ ಲಗ್ನ ಮುಗಿದು ಸೀಸನ್ನು ಶುರುವಾಯಿತು. ಮೊದಲ ಮದುವೆ ಚಿಕ್ಕೋಡಿಯಲ್ಲಿ. ಕಾಕಾ ಹಟಕ್ಕೆ ಬಿದ್ದು ಮುಂಬೈದನ್ನೇ ಎತ್ತಿದ. ದೊಡ್ಡದು ಇಲ್ಲವಲ್ಲ, ಹಾಗಾಗಿ ಉಳಿದವರು ಏನು ಊದಬೇಕು? ಭಜನೆಯಲ್ಲಿ ಬೆಳೆದ ನಮ್ಮವರಿಗೆ ಒಂದೇ ರೂಢಿ. ಹಾಡುವವನು ಎಲ್ಲಿರುತ್ತಾನೋ ಅಲ್ಲಿಗೆ ಹೋಗಬೇಕು, ಬೇರೆ ಸ್ವರ ಹಿಡಿದರೆ ಬೇಸೂರು. ಎಲ್ಲರೂ ನಿಷ್ಠೆಯಿಂದ ಕಾಕಾನ ಸ್ವರವನ್ನೇ ಹಿಡಿದರು. ಆರು ಹಿತ್ತಾಳೆಗಳು ಕೂಡಿ ಒಂದೇ ಪಂಚಮವನ್ನು ಊದಿದವು, ಊದಿದವು, ಊದುತ್ತಲೇ ಇದ್ದವು. ನಾನು ಹೆಂಗಸರ ನಡುವೆ ನಡೆಯುತ್ತಿದ್ದೆ. ಕಟ್ಟೆಯ ಮೇಲಿನಿಂದ ಯಾರೋ ಕೂಗಿದರು, “ಏನ್ರಿ, ಕಬ್ಬಿನ ಲಾರಿ ಹಾರ್ನ್ ಸಿಗಿಬಿದ್ದಂಗಾತಲ್ರಿ! ಯಾರರೆ ವೈರ್ ಕೀಳ್ರಿ!” ಇಡೀ ಬೀದಿ ನಕ್ಕಿತು. ಅಪ್ಪ ಆ ಸಾಲಿನ ಪಕ್ಕ ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡು ನಡೆಯುತ್ತಿದ್ದ. ಅವನ ಕಣ್ಣು ನೋಡಿ ನನಗೆ ಸಿಟ್ಟು ನೆತ್ತಿಗೇರಿತು. ನಕ್ಕವರ ಮೇಲಲ್ಲ, ಮೂಲೆಯಲ್ಲಿ ಬಟ್ಟೆ ಸುತ್ತಿಕೊಂಡು ಕೂತ ಆ ವಾದ್ಯದ ಮೇಲೆ.

ವಾಪಸು ಬಂದ ಮೇಲೆ ಕಾಕಾ ತೀರ್ಮಾನ ಹೇಳಿಬಿಟ್ಟ. ಮುಂಬೈದು ಇನ್ನು ಸಾಕು, ಸಿನಿಮಾ ಹಾಡು ಹಿಡಿದು ಪೇಟೆಯ ದೊಡ್ಡ ಬ್ಯಾಂಡಿಗೆ ಸೇರಿಕೊಳ್ಳೋಣ. ಅಪ್ಪ ಕೈ ಅಡ್ಡ ಹಿಡಿದ. ಸದಲಗಾದ ಅಣ್ಣಾಸಾಹೇಬರು ವೈಶಾಖದಲ್ಲಿ ಮಗನ ಮದುವೆಗೆ ನಮ್ಮನ್ನು ಹಿಡಿದಿದ್ದರು. ಹೊಳೆ ಬದಿಯಲ್ಲಿ ಕಬ್ಬು, ಅಥಣಿ ಕಡೆ ದ್ರಾಕ್ಷಿ ಇದ್ದ ಕುಳ. ತಮ್ಮನ ಮದುವೆಯಲ್ಲಿ ಆ ಹಾಡು ಕೇಳಿದ್ದ ಅವರು, ಮುಂಬೈದು ಬಾರಿಸುವುದಿದ್ದರೆ ಬರಬೇಕು, ಇಲ್ಲದಿದ್ದರೆ ಬರಬೇಡಿ ಎಂದು ಮೊದಲೇ ಹೇಳಿದ್ದರು. ಕೊನೆಗೆ ಅಣ್ಣತಮ್ಮಂದಿರಲ್ಲಿ ಒಂದು ಮಾತಾಯಿತು. ವೈಶಾಖದೊಳಗೆ ದೊಡ್ಡದನ್ನು ಊದುವವರು ಸಿಕ್ಕಿ ಸದಲಗಾದ ಮೆರವಣಿಗೆ ದಾಟಿದರೆ ಬ್ಯಾಂಡು ಈಗಿನ ಹಾಗೇ ಉಳಿಯುತ್ತದೆ. ಇಲ್ಲವಾದರೆ ಕಾಕಾ ಹೇಳಿದ ಹಾಗೆ.

“ನಾ ಊದತೀನಿ,” ಎಂದೆ.

ಕಾಕಾ ಚಹಾದ ಬಶಿಯನ್ನು ಕೆಳಗಿಟ್ಟ. “ಯಾಕ ಬೇ, ತಲಿ ಕೆಟ್ಟೈತೇನ? ಹೆಣ್ಣಹುಡುಗಿ ಬಾಯಿಗೆ ಹಿತ್ತಾಳಿ ಹಚ್ಚಿ ರಸ್ತೇದಾಗ ನಡೀತಿ? ತುಟಿ ಬೀಗಿ ಬದನಿಕಾಯಿ ಆಗ್ತಾವ, ನಾಳೆ ಯಾರ ಮಾಡ್ಕೋತಾರ ನಿನ್ನ?”

“ಬದನಿಕಾಯಿ ಇಷ್ಟ ಪಡಾವ್ರೂ ಅದಾರ ಕಾಕಾ.”

ಅವ್ವ ಒಲೆಯ ಮುಂದಿನಿಂದ ತಲೆ ಎತ್ತದೆ ಹೇಳಿದಳು, “ದಿನಾ ಹತ್ತ ತಾಸ ತಂಬಾಕದ ಧೂಳಾ ನುಂಗತಾಳ, ಆವಾಗ ಯಾರೂ ಆಕಿ ತುಟಿ ನೋಡಲಿಲ್ಲ. ಉಸರ ಆಕೀದು. ಊದಲಿ.”

ರಜೆಯ ದಿನಗಳಲ್ಲೂ ಮಧ್ಯಾಹ್ನದ ಬಿಡುವಿನಲ್ಲೂ ಮಾಲೀಕರು ವಖಾರ ಬಿಟ್ಟುಕೊಡುತ್ತಿದ್ದರು. ಮಾಘದ ಚಳಿಯಲ್ಲಿ ಹೊಸ ತಂಬಾಕಿನ ಚೀಲ ಬಂದು ಬೀಳತೊಡಗಿದ್ದವು. ಒಂದು ಉದ್ದ ಉಸಿರು ಎಳೆದರೆ ಸಾಕು, ಧೂಳು ಗಂಟಲಿಗಿಳಿದು ಕೆಮ್ಮು, ಸೀನು, ಕಣ್ಣೀರು ಒಟ್ಟಿಗೇ ಬರುತ್ತಿದ್ದವು. ಮೊದಲ ಹದಿನೈದು ದಿನ ದೊಡ್ಡದರಿಂದ ದನಿಯೇ ಹೊರಡಲಿಲ್ಲ. ಹೊರಟ ದಿನ ಹೊರಗೆ ಬಿಸಿಲು ಕಾಯುತ್ತ ಕೂತಿದ್ದ ಹೆಂಗಸರು, “ಎಮ್ಮಿ ಈಯಾಕತ್ತೈತಿ, ಹೋಗಿ ನೋಡ್ರೆ!” ಎಂದು ಬಿದ್ದು ಬಿದ್ದು ನಕ್ಕರು. ತುಟಿ ಒಡೆದು ರಕ್ತ ಬಂತು. ಅವ್ವ ತುಪ್ಪ ಹಚ್ಚಿದಳು. ಮರುದಿನ ಮತ್ತೆ ಒಡೆಯಿತು. ಬಿಡುವ ಯೋಚನೆ ನನಗೆ ಒಮ್ಮೆಯೂ ಬರಲಿಲ್ಲ ಎಂದರೆ ಸುಳ್ಳು. ದಿನಾ ಸಂಜೆ ಬರುತ್ತಿತ್ತು, ಬೆಳಿಗ್ಗೆ ಹೋಗುತ್ತಿತ್ತು.

ಫಾಲ್ಗುಣದ ಹೊತ್ತಿಗೆ ಸ್ವರಗಳು ಬಂದವು. ನಿಜವಾದ ಕಷ್ಟ ಆಗ ಶುರುವಾಯಿತು. ಒಬ್ಬಳೇ ಊದಿದರೆ ಕೆಳಗಿನ ನಡೆ ಸರಿಯಾಗಿ ಬರುತ್ತಿತ್ತು. ಕಾಕಾ ಕ್ಲಾರಿನೆಟ್ ಎತ್ತಿದ ಕೂಡಲೇ ನನ್ನ ಉಸಿರು ತಾನಾಗಿ ಅವನ ಸ್ವರದ ಕಡೆಗೆ ವಾಲುತ್ತಿತ್ತು. ವಿಹಾರದಲ್ಲಿ ಇಷ್ಟು ವರ್ಷ ಹಾಡುವವರ ಬಾಯಿ ನೋಡುತ್ತಲೇ ಹಾರ್ಮೋನಿಯಂ ಒತ್ತಿದವಳು ನಾನು. ಅವರು ತಪ್ಪಿದರೆ ನಾನೂ ತಪ್ಪಿ ಮುಚ್ಚಿಹಾಕುವುದೇ ನನ್ನ ಜಾಣತನವಾಗಿತ್ತು. ಕಾಕಾನದೂ ಅದೇ ಪಾಡು. ನನ್ನ ಕೋಮಲ ಗಾಂಧಾರ ಕಿವಿಗೆ ಬಿದ್ದರೆ ಅವನ ಪಂಚಮ ನಡುಗುತ್ತಿತ್ತು. “ಈಕಿ ನನ್ನ ಕೆಡಸಾಕತ್ತಾಳ ದಾದಾ!” ಎಂದು ಅವನು, “ಕಾಕಾನ ಎಳ್ಯಾಕತ್ತಾನ!” ಎಂದು ನಾನು.

ಅಪ್ಪ ಒಂದು ಚೀಲದ ಮೇಲೆ ಕೂತು ಅಂಗೈಯಿಂದ ಇನ್ನೊಂದು ಚೀಲಕ್ಕೆ ತಾಳ ಬಡಿಯುತ್ತಿದ್ದ. ಪ್ರತಿ ಏಟಿಗೂ ಧೂಳು ಏಳುತ್ತಿತ್ತು. ನಮ್ಮಿಬ್ಬರನ್ನು ವಖಾರದ ಎರಡು ತುದಿಗೆ, ಗೋಡೆಗೆ ಮುಖ ಮಾಡಿ ನಿಲ್ಲಿಸಿದ. “ಶಾಂತಾ, ಅವನ ಬೆನ್ನ ಹತ್ತಬ್ಯಾಡ. ಅವಂಗ ಬೇಕಾದಾಗ ನೀ ಅಲ್ಲಿರಬೇಕು, ಅಷ್ಟ. ಅವಂಗ ಪ್ರೀತಿ ತೋರಸೂದಂದ್ರ ಅದ.” ಆಮೇಲೆ ಚೀಲಗಳ ಸಾಲಿನ ನಡುವೆ ನನ್ನೊಬ್ಬಳನ್ನೇ ನಡೆಸಿದ. ಎಡಗಾಲಿಗೆ ಒಂದು ಸ್ವರ, ಬಲಗಾಲಿಗೆ ಉಸಿರು. ನೂರು ಸಲ ನಡೆದಿರಬೇಕು, ಎಣಿಸಿದವರಾರು. ಒಂದು ಮಧ್ಯಾಹ್ನ ನಡೆಯುತ್ತ ನಡೆಯುತ್ತ ಕಾಕಾ ಎಲ್ಲಿದ್ದಾನೆಂಬುದೇ ಮರೆತುಹೋಯಿತು. ಕೆಳಗಿನ ನಡೆ ನನ್ನ ಕಾಲಿನದಾಯಿತು. ಆಗ ಮೊದಲ ಸಲ ಮೇಲಿನಿಂದ ಕಾಕಾನ ಪಂಚಮ ಬಂದು ನನ್ನ ಸ್ವರದ ಮೇಲೆ ಕೂತದ್ದು ಕೇಳಿಸಿತು. ಎರಡೂ ಬೇರೆ ಬೇರೆ, ಆದರೂ ಕೂಡಿ ಮೂರನೆಯದೇನೋ ಗಾಳಿಯಲ್ಲಿತ್ತು. ಹೊರಗೆ ಹೆಂಗಸರ ಮಾತು ನಿಂತಿತ್ತು. ನನಗಾದ ಖುಷಿಯನ್ನು ಹೇಳಲು ಇವತ್ತಿಗೂ ಬರುವುದಿಲ್ಲ.

ಕಾಕಾ ಕ್ಲಾರಿನೆಟ್ಟಿನ ಎಂಜಲು ಝಾಡಿಸಿ, “ಸದಲಗಾದಾಗ ನೋಡೂಣು. ವಖಾರದಾಗ ಎಲ್ಲಾರೂ ಹುಲಿನ,” ಎಂದು ಹೋದ.

ವೈಶಾಖ ಬಂತು. ಸದಲಗಾದಲ್ಲಿ ಆ ದಿನ ಬಿಸಿಲು ದೂಧಗಂಗೆಯ ಮರಳನ್ನು ಹುರಿಯುತ್ತಿತ್ತು. ಸಂಜೆ ನಾಲ್ಕಕ್ಕೆ ಹಣಮಂತ ದೇವರ ಗುಡಿಯ ಮುಂದೆ ನಿಂತೆವು. ಕೆಂಪು ಕೋಟು, ಕೆಳಗೆ ಸೀರೆ, ತಲೆಗೆ ಟೊಪ್ಪಿಗೆ ಹಾಕಿದ ನನ್ನನ್ನು ನೋಡಿ ಅಣ್ಣಾಸಾಹೇಬರು ಹುಬ್ಬು ಗಂಟಿಕ್ಕಿದರು. ಅಪ್ಪನನ್ನು ಮಾಸ್ತರ ಎಂದೇ ಕರೆಯುತ್ತಿದ್ದರು, ಆದರೆ ಮಾತು ಏಕವಚನದಲ್ಲಿ. “ಇದೇನೋ ಮಾಸ್ತರ, ಹೆಣ್ಮಗಳನ್ನ ನಿಂದರಿಸಿ? ಬೀಗರ ಮುಂದ ನಮ್ಮ ಮರ್ಯಾದಿ ಏನ ಉಳೀತೈತಿ?”

ಅಪ್ಪ ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ, “ಮುಂದ ನಿಂದರಾಂಗಿಲ್ರಿ. ದೊಡ್ಡದರ ಜಾಗಾ ಹಿಂದಿನ ಸಾಲಿನಾಗ ಐತ್ರಿ.”

“ಹಿಂದ ಅಂದ್ರ ನಡೀತೈತಿ ಬಿಡು,” ಎಂದರು ಅವರು. “ಯಾರ ನೋಡ್ತಾರ.”

ಮದುಮಗ ಕುದುರೆ ಏರಿದ. ಎರಡು ಸಿನಿಮಾ ಹಾಡು ಮುಗಿದು ಬಜಾರ ತಲುಪಿದ ಮೇಲೆ ಕಾಕಾ ಮುಂಬೈದು ಎತ್ತಿದ. ನಾನು ಎಡಗಾಲು ಇಟ್ಟೆ. ಅವನ ಪಂಚಮ ಮೇಲೆ ನಿಂತಿತು, ಕೆಳಗೆ ನಾನು ಸರಿದೆ. ಅಂಗಡಿಯ ಕಟ್ಟೆಯ ಮೇಲೆ ತಂಬಾಕಿಗೆ ಸುಣ್ಣ ತಿಕ್ಕುತ್ತಿದ್ದ ಅಜ್ಜನ ಹೆಬ್ಬೆರಳು ಹಾಗೇ ನಿಂತಿತು. ಕುಣಿಯುತ್ತಿದ್ದ ಹುಡುಗರು ಕುಣಿತ ಬಿಟ್ಟು ನಡೆಯತೊಡಗಿದರು. ಹಾಡು ಒಂದು ಸುತ್ತು ಮುಗಿಯಿತು, ಕಾಕಾ ತನ್ನ ಅಲೆದಾಟಕ್ಕೆ ಹೊರಟ. ಅವತ್ತಿನ ಹಾಗೆ ಅವನು ಮೊದಲು ಎಂದೂ ಊದಿರಲಿಲ್ಲ.

ಆಗ ಬೀಗರ ಕಡೆಯ ಯಾರೋ ಪಟಾಕಿಯ ಸರವನ್ನು ನಮ್ಮ ಸಾಲಿನ ಕಾಲಡಿಯಲ್ಲೇ ಹಚ್ಚಿದರು. ಕುದುರೆ ಹಿಂಗಾಲ ಮೇಲೆ ಎದ್ದಿತು. ಮುಂದಿನ ಸಾಲು ಚದುರಿತು. ಕಾಕಾ ಚರಂಡಿಯ ಆಚೆ ಜಿಗಿದ. ಬಾಯಿಂದ ವಾದ್ಯ ಬಿಡಲಿಲ್ಲ, ಊದುತ್ತಲೇ ಇದ್ದ, ಆದರೆ ಅವನ ಎಡಭುಜ ಮೇಲೇರಿತ್ತು. ದಾರಿ ತಪ್ಪಿದಾಗ ಅವನ ಭುಜ ಹಾಗಾಗುತ್ತದೆಂಬುದು ಮನೆಯವರಿಗೆ ಗೊತ್ತು. ಹೊಗೆ ತುಂಬಿತ್ತು. ಎಲ್ಲಿದ್ದೇವೆ, ಎಷ್ಟನೇ ಸುತ್ತು, ಅವನಿಗೆ ತಿಳಿದಿರಲಿಲ್ಲ. ಕಾರ್ನೆಟ್ಟಿನವರು ಬಾಯಿ ತೆಗೆದು ಅವನನ್ನೇ ನೋಡುತ್ತಿದ್ದರು. ನನ್ನ ಇಷ್ಟು ವರ್ಷದ ಅಭ್ಯಾಸವೆಲ್ಲ ಕೂಡಿ ಹೇಳಿತು, ಅವನ ಹಿಂದೆ ಹೋಗು, ಮುಚ್ಚಿಹಾಕು. ಹೋದರೆ ಇಬ್ಬರೂ ಕಳೆದುಹೋಗುತ್ತಿದ್ದೆವು, ಚಿಕ್ಕೋಡಿಯ ಹಾರ್ನು ಸದಲಗಾಕ್ಕೂ ಬರುತ್ತಿತ್ತು. ಹೋಗಲಿಲ್ಲ. ನನ್ನ ನಡೆಯನ್ನೇ ನಡೆದೆ. ಮೊದಲ ನಡೆ ಎರಡನೇ ಸಲ ಮುಗಿಯುತ್ತಿತ್ತು, ನಡುವಿನ ನಡೆಗೆ ಇಳಿಯುವ ಮೂರು ಸ್ವರಗಳು ಬಂದವು. ಅವನ್ನು ಎದೆಯಲ್ಲಿದ್ದ ಉಸಿರೆಲ್ಲ ಹಾಕಿ, ಚೆಂದಗಿಂದ ನೋಡದೆ, ಗಟ್ಟಿಯಾಗಿ ಊದಿದೆ.

ಕಾಕಾನ ಭುಜ ಇಳಿಯಿತು. ನಾಲ್ಕನೇ ಹೆಜ್ಜೆಗೆ ಸರಿಯಾಗಿ ನಡುವಿನ ನಡೆಯ ಮೊದಲ ಸ್ವರದ ಮೇಲೆ ಬಂದು ನಿಂತ. ಕಾರ್ನೆಟ್ಟುಗಳು ಅವನ ಹಿಂದೆ ಬಂದವು. ಮಂದಿಗೆ ಏನೂ ತಿಳಿಯಲಿಲ್ಲ. ಇದೆಲ್ಲ ಹಾಡಿನ ಸೊಗಸೇ ಎಂದುಕೊಂಡು ಸೀಟಿ ಹೊಡೆದರು. ಹನ್ನೆರಡು ಮಂದಿಗೆ ಮಾತ್ರ ಗೊತ್ತಾಗಿತ್ತು, ಪಕ್ಕದಲ್ಲಿ ನಡೆಯುತ್ತಿದ್ದ ಅಪ್ಪನಿಗೂ ಗೊತ್ತಾಗಿತ್ತು.

ಮಂಟಪದ ಬಾಗಿಲಲ್ಲಿ ಹಾಡು ಮುಗಿಸಿದೆವು. ಮೆರವಣಿಗೆ ಸುಸೂತ್ರ ಮುಟ್ಟಿದರೆ ಹುಡುಗನ ತಂದೆ ಬ್ಯಾಂಡಿನ ಮಾಸ್ತರನಿಗೆ ಫೇಟಾ ಕಟ್ಟುವುದು ನಮ್ಮ ಕಡೆಯ ಪದ್ಧತಿ. ಅದು ಯಾರ ತಲೆಗೆ ಬೀಳುತ್ತದೋ ಆ ಬ್ಯಾಂಡು ಅವರದು. ಅಣ್ಣಾಸಾಹೇಬರು ಗುಲಾಬಿ ಫೇಟಾ ಹಿಡಿದು ನಗುನಗುತ್ತ ಕಾಕಾನ ಮುಂದೆ ನಿಂತರು. “ಕಾಯ್ ವಾಜವ್ಲಸ್ ಮಾರುತಿ! ಏನ ಬಾರಿಸಿದಿಯೋ! ಇನ್ನ ಮಾಸ್ತರ ನೀನ. ಬಾ, ತಲಿ ಬಗ್ಗಸು.”

ಕಾಕಾ ಆ ಫೇಟಾವನ್ನು ನೋಡಿದ. ಅದಕ್ಕಾಗಿ ಅವನು ಹದಿನೈದು ವರ್ಷ ಕಾದಿದ್ದನೆಂಬುದು ನನಗೆ ಗೊತ್ತು. ಅವನ ಕೈ ಟೊಪ್ಪಿಗೆಯವರೆಗೂ ಹೋಯಿತು. ಅಲ್ಲಿಂದ ಕೆಳಗಿಳಿಯಿತು.

“ನನಗಲ್ರಿ ಸಾಹೇಬ್ರ,” ಎಂದ. “ನಡುವ ನಾ ಕಳದಹೋಗಿದ್ನಿ. ಕರ್ಕೊಂಡ ಬಂದಾವ್ರು ಬ್ಯಾರೆ ಅದಾರ.”

ಅಣ್ಣಾಸಾಹೇಬರು ಅಪ್ಪನ ಕಡೆ ನೋಡಿದರು. ಅಪ್ಪ ಕರವಸ್ತ್ರ ತೆಗೆದು, ಹಲ್ಲಿಲ್ಲದ ಬಾಯನ್ನು ಅಷ್ಟು ಮಂದಿಯ ಮುಂದೆ ತೆರೆದು ನಕ್ಕು, ತಾನಲ್ಲ ಎಂದು ತಲೆಯಾಡಿಸಿದ. ಆಗ ಕಾಕಾ ಪೂರ್ತಿ ಹಿಂದೆ ತಿರುಗಿದ. ಹುಟ್ಟಿದಾಗಿನಿಂದ ನನ್ನನ್ನು ‘ಬೇ’ ಎಂದೇ ಕರೆದ ಮನುಷ್ಯ ಎಲ್ಲರಿಗೂ ಕೇಳುವ ಹಾಗೆ ಕೇಳಿದ, “ಒಳಗ ಹೋಗುವಾಗ ಯಾವುದ ಬಾರಸೂದ್ರಿ, ಮಾಸ್ತರ?”

ಸಾಲು ತಾನಾಗಿ ಎರಡಾಗಿ ಸರಿದು ದಾರಿ ಬಿಟ್ಟಿತು. ಅಣ್ಣಾಸಾಹೇಬರು ಒಂದು ಗಳಿಗೆ ನಿಂತರು. ಬೀಗರು ನೋಡುತ್ತಿದ್ದರು, ಊರು ನೋಡುತ್ತಿತ್ತು, ಫೇಟಾವನ್ನು ಮಡಚಿ ಒಳಗಿಟ್ಟುಕೊಳ್ಳುವ ಹಾಗಿರಲಿಲ್ಲ. ಅದನ್ನು ಹಿಡಿದುಕೊಂಡು ಹಿಂದಿನ ಸಾಲಿನವರೆಗೆ ನಡೆದು ಬಂದರು. ಅವರು ಗಿಡ್ಡ ಆಳು, ನಾನು ಅಪ್ಪನ ಹಾಗೆ ಉದ್ದ. ಬಗ್ಗು ಎಂದು ಹೇಳಲು ಅವರಿಗೆ ಬಾಯಿ ಬರಲಿಲ್ಲ. ನಾನು ಟೊಪ್ಪಿಗೆ ತೆಗೆದು ನೆಟ್ಟಗೆ ನಿಂತೆ. ಅವರು ಕಾಲ್ಬೆರಳ ತುದಿಯ ಮೇಲೆ ನಿಂತು ಕಟ್ಟಿದರು.